ಹಂದಿ ಜ್ವರದ ವೈರಸ್ ಬದಲಾಗಿದೆಯಂತೆ, ಹಾಗಾದರೆ ಲಸಿಕೆ ಹಾಕಿಸುವುದು ದಂಡವೇ?

ಕಾಲುವೆ ಕೊನೆ, ಸಿರುಗುಪ್ಪ

ಎಲ್ಲರಿಗೂ ನಮಸ್ಕಾರ. ಸಿರುಗುಪ್ಪದಿಂದ ಸ್ವಲ್ಪ ಆಚೆ ನಮ್ಮದು ಸಣ್ಣ ಹಂದಿ ಸಾಕಣೆ. ಯಾರ್ಕ್‌ಷೈರ್ ತಳಿಯವು ಕೆಲವು, ಉಳಿದವು ನಾಟಿ ಮಿಶ್ರ. ಯುಗಾದಿ ಕಳೆದ ಮೇಲೆ ಮರಿಗಳು ಮೇವು ಬಿಟ್ಟವು. ಆ ಬಿಸಿಲಿನಲ್ಲೂ ಚಳಿ ಹಿಡಿದವರಂತೆ ಒಂದರ ಮೇಲೊಂದು ಬಿದ್ದು ಮಲಗಿದವು. ಕಿವಿಯ ತುದಿ ಮತ್ತು ಹೊಟ್ಟೆಯ ಅಡಿ ನೇರಳೆ ಬಣ್ಣಕ್ಕೆ ತಿರುಗಿತು, ಹಿಂಗಾಲು ತೂರಾಡತೊಡಗಿತು. ಅರ್ಧಕ್ಕರ್ಧ ಮರಿಗಳು ಹೋದವು. ಇವಕ್ಕೆಲ್ಲ ಲಸಿಕೆ ಆಗಿತ್ತು ಎಂಬುದೇ ನನ್ನ ಸಂಕಟ.

ಸತ್ತ ಮರಿಯ ಮಾದರಿ ಪರೀಕ್ಷೆಗೆ ಹೋಗಿ, ಹಂದಿ ಜ್ವರ ಖಚಿತವೆಂದು ವರದಿ ಬಂತು. ಅದೇ ಮಾದರಿಯ ಒಂದು ಭಾಗವನ್ನು ಸಂಶೋಧನೆ ಮಾಡುತ್ತಿರುವ ಹುಡುಗನೊಬ್ಬ ತೆಗೆದುಕೊಂಡು ಹೋಗಿದ್ದ. ಮೊನ್ನೆ ಫೋನ್ ಮಾಡಿ, “ಐದು ಮೋನೋಕ್ಲೋನಲ್ ಪ್ರತಿಕಾಯಗಳಲ್ಲಿ ನಾಲ್ಕು ನಿಮ್ಮ ವೈರಸ್ಸಿಗೆ ಅಂಟಿಕೊಂಡವು, ಒಂದು ಅಂಟಲಿಲ್ಲ” ಎಂದ. ಔಷಧಿ ಅಂಗಡಿಯಲ್ಲಿ ಈ ಮಾತು ಬಾಯಿಬಿಟ್ಟದ್ದೇ ತಡ, “ವೈರಸ್ ರೂಪ ಬದಲಿಸಿದೆ, ಹಳೆಯ ಲಸಿಕೆ ಇನ್ನು ನಾಟುವುದಿಲ್ಲ” ಎಂದು ಹೇಳಿ ಒಂದು ಟಾನಿಕ್ ಡಬ್ಬಿಯನ್ನು ಮುಂದಿಟ್ಟರು. ಡಬ್ಬಿ ತರಲಿಲ್ಲ. ಆದರೆ ತಲೆಗೆ ಹುಳ ಬಿಟ್ಟಂತಾಗಿದೆ. ನಾಲ್ಕು ಅಂಟಿ ಒಂದು ಅಂಟದಿದ್ದರೆ ಅದರ ಅರ್ಥವೇನು? ತಿಳಿದವರು ಹೇಳಿ.

ಹಳೆಯ ಸ್ಟೆತಸ್ಕೋಪ್, ಬಳ್ಳಾರಿ

ಡಬ್ಬಿ ತರದೆ ಬಂದದ್ದು ಒಳ್ಳೆಯದಾಯಿತು. ಈ ವೈರಸ್ಸಿಗೆ ಮದ್ದೇ ಇಲ್ಲ, ಟಾನಿಕ್ ಏನು ಮಾಡೀತು? ಕೊಟ್ಟಿಗೆಯಲ್ಲಿ ಸಾವು ಕಂಡವನ ಮುಂದೆ ಡಬ್ಬಿ ಇಡುವವರ ಬಗ್ಗೆ ಹೇಳಹೊರಟರೆ ನಿರ್ವಾಹಕರು ನನ್ನ ಬರಹ ಅಳಿಸಬೇಕಾದೀತು, ಬಿಡಿ.

ಲಸಿಕೆ ದಂಡವಲ್ಲ. ಒಂದು ಪ್ರತಿಕಾಯ ಅಂಟದಿರುವುದಕ್ಕೂ ಲಸಿಕೆ ಸೋಲುವುದಕ್ಕೂ ಬಹಳ ದೂರ. ಲಸಿಕೆ ಹಾಕಿದ ಹಂದಿಯ ರಕ್ತದಲ್ಲಿ ಹುಟ್ಟುವುದು ಬಗೆಬಗೆಯ ಪ್ರತಿಕಾಯಗಳ ದೊಡ್ಡ ಪಡೆ. ಒಂದೊಂದು ಬಗೆ ವೈರಸ್ಸಿನ ಮೈಮೇಲಿನ ಒಂದೊಂದು ಜಾಗವನ್ನು ಹಿಡಿಯುತ್ತದೆ. ಮೋನೋಕ್ಲೋನಲ್ ಎಂದರೆ ಹಾಗಲ್ಲ. ಒಂದೇ ಕೋಶದ ಸಂತಾನ ತಯಾರಿಸಿದ ಒಂದೇ ಬಗೆಯ ಪ್ರತಿಕಾಯ ಅದು. ನಮ್ಮ ಶಾಲಾ ದಾಖಲೆಯಲ್ಲಿ ‘ಬಲಗೆನ್ನೆಯ ಮೇಲೆ ಮಚ್ಚೆ’ ಎಂದು ಗುರುತು ಬರೆಸುತ್ತಿದ್ದರಲ್ಲ, ಮೋನೋಕ್ಲೋನಲ್ ಪ್ರತಿಕಾಯ ಆ ಒಂದು ಮಚ್ಚೆಯನ್ನು ಬಿಟ್ಟು ಬೇರೇನನ್ನೂ ನೋಡದ ಗುಮಾಸ್ತನಿದ್ದಂತೆ. ಮಚ್ಚೆ ಕಾಣದಿದ್ದರೆ ಅವನು ತಲೆಯಾಡಿಸುತ್ತಾನೆ, ಅಷ್ಟೇ. ಎದುರಿಗಿರುವ ಆಳು ಬೇರೆ ಎಂದು ತೀರ್ಪು ಕೊಡುವ ಅಧಿಕಾರ ಅವನಿಗಿಲ್ಲ.

ಹಂದಿ ಜ್ವರದ ವೈರಸ್ಸಿನಲ್ಲಿ ಜೀನೋಟೈಪ್‌ಗಳು, ಎಂದರೆ ಜೀನಿನ ಲೆಕ್ಕದ ಗುಂಪುಗಳು, ಹಲವು ಇವೆ. ನಮ್ಮ ದೇಶದಲ್ಲಿ 1.1, 2.1, 2.2 ಉಪಗುಂಪುಗಳು ವರದಿಯಾಗಿವೆ. ಆದರೆ ರಕ್ಷಣೆಯ ಲೆಕ್ಕದಲ್ಲಿ ಅದು ಒಂದೇ ವೈರಸ್. ಮೊಲಗಳಲ್ಲಿ ಸಾಗಿಸಿ ದುರ್ಬಲಗೊಳಿಸಿದ ಹಳೆಯ ಲಸಿಕೆ ತಳಿಗಳು ಈ ಗುಂಪುಗಳ ವಿರುದ್ಧವೂ ಕೆಲಸ ಮಾಡುತ್ತವೆ. ಕಾಲುಬಾಯಿ ಜ್ವರದಲ್ಲಿ ಒ, ಎ, ಏಷ್ಯಾ-1 ಎಂದು ವೈರಸ್ಸಿನ ಒಂದೊಂದು ಬಗೆಗೂ ಲಸಿಕೆಯಲ್ಲಿ ಬೇರೆ ಬೇರೆ ಅಂಶ ಬೇಕಾಗುತ್ತದಲ್ಲ, ಇಲ್ಲಿ ಆ ತಾಪತ್ರಯವಿಲ್ಲ.

ಈಗ ನಾನೊಂದು ಕೇಳುತ್ತೇನೆ. ಲಸಿಕೆ ಹಾಕಿದಾಗ ಮರಿಗಳ ವಯಸ್ಸು ಎಷ್ಟಿತ್ತು?

ಕೋಟೆ ಕೆಳಗೆ, ಬಳ್ಳಾರಿ

ನಮ್ಮ ಓಣಿಯಲ್ಲಿ ಹಂದಿಗಳ ಹಿಂಡು ಚರಂಡಿಯಿಂದ ಚರಂಡಿಗೆ ಓಡಾಡುತ್ತದೆ. ಮಕ್ಕಳು ಅಲ್ಲೇ ಆಡುತ್ತಾರೆ. ನೀವು ವೈರಸ್ಸಿನ ಮಚ್ಚೆ ಎಣಿಸುತ್ತಾ ಕುಳಿತಿದ್ದೀರಿ. ಮೊದಲು ಇದು ಮನುಷ್ಯರಿಗೆ ಬರುತ್ತದೆಯೇ ಎಂದು ಹೇಳಿ. ಎಚ್1ಎನ್1 ಬಂದಾಗ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿರಲಿಲ್ಲ.

ಹಳೆಯ ಸ್ಟೆತಸ್ಕೋಪ್, ಬಳ್ಳಾರಿ

ಬರುವುದಿಲ್ಲ. ಎಚ್1ಎನ್1 ಇನ್‌ಫ್ಲುಯೆಂಜಾ, ಅದರ ಕುಲವೇ ಬೇರೆ. ಇದು ಪೆಸ್ಟಿವೈರಸ್, ಹಂದಿ ಮತ್ತು ಕಾಡುಹಂದಿಗೆ ಮಾತ್ರ ರೋಗ ತರುತ್ತದೆ. ಆಫ್ರಿಕನ್ ಹಂದಿ ಜ್ವರ ಎಂದು ಇನ್ನೊಂದಿದೆ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲದಲ್ಲಿ ಕಾಣಿಸಿಕೊಂಡಿತು, 2022ರಲ್ಲಿ ಕೇರಳದ ವಯನಾಡಿನಲ್ಲಿಯೂ. ಅದೂ ಮನುಷ್ಯರಿಗೆ ಬರುವುದಿಲ್ಲ. ಹೊರನೋಟಕ್ಕೆ ಎರಡನ್ನೂ ಬೇರ್ಪಡಿಸಲಾಗದು, ಆದರೆ ಆಫ್ರಿಕನ್ ಜ್ವರಕ್ಕೆ ಹಂದಿ ಜ್ವರದ ಲಸಿಕೆ ಯಾವ ಕೆಲಸಕ್ಕೂ ಬಾರದು. ಪ್ರಯೋಗಾಲಯ ಬೇಕಾಗುವುದು ಮೊದಲು ಇದಕ್ಕೆ. ಓಣಿಯ ಹಂದಿಯ ದೂರನ್ನು ಪಾಲಿಕೆಗೆ ಕೊಡಿ, ನನ್ನ ಬೆಂಬಲವೂ ಇದೆ.

ಪಿಪೆಟ್ಟು, ಗಂಗಾವತಿ

ನಾನು ಗಂಗಾವತಿಯವಳು, ಈಗ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕೆಲಸ. ಡಾಕ್ಟರ್ ಸರ್ ಹೇಳಿದ ಗುಮಾಸ್ತನನ್ನು ದಿನವೂ ಹತ್ತಿರದಿಂದ ನೋಡುವವಳಾದ್ದರಿಂದ ಬರೆಯುತ್ತಿದ್ದೇನೆ.

ಹಂದಿ ಜ್ವರದ ವೈರಸ್ಸಿನದು ಒಂದು ವಿಚಿತ್ರ ಗುಣ. ಹಂದಿಯನ್ನು ಕೊಲ್ಲುತ್ತದೆ, ಆದರೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಹಂದಿಯ ಮೂತ್ರಪಿಂಡದ ಕೋಶಗಳಿಗೆ ಏನೂ ಮಾಡದಂತೆ ಇರುತ್ತದೆ. ಆ ಕೋಶಗಳನ್ನು ನಾವು ಪಿಕೆ-15 ಎನ್ನುತ್ತೇವೆ. ಬೇರೆ ಎಷ್ಟೋ ವೈರಸ್‌ಗಳಾದರೆ ಕೋಶಗಳು ಉಬ್ಬುತ್ತವೆ, ಒಡೆಯುತ್ತವೆ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೇ ಕಾಣುತ್ತದೆ. ಇಲ್ಲಿ ಸೋಂಕು ತಗುಲಿದ ಕೋಶವೂ ತಗುಲದ ಕೋಶವೂ ಒಂದೇ ಥರ. ಹಾಗಾಗಿ ಬಣ್ಣ ಹಾಕಿಯೇ ನೋಡಬೇಕು.

96 ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಪ್ರತಿ ಗುಳಿಯ ತಳದಲ್ಲಿ ಕೋಶಗಳ ತೆಳುಪದರ. ಅಡ್ಡಸಾಲಿಗೊಂದು ಊರಿನ ವೈರಸ್, ಉದ್ದಸಾಲಿಗೊಂದು ಪ್ರತಿಕಾಯ. ವೈರಸ್ ಬೆಳೆದ ಮೇಲೆ ಕೋಶಗಳನ್ನು ತಳಕ್ಕೆ ಭದ್ರಪಡಿಸಿ, ಇಲಿಯ ಮೋನೋಕ್ಲೋನಲ್ ಪ್ರತಿಕಾಯ ಹಾಕಿ ಬಿಡುತ್ತೇವೆ. ಅಂಟದೆ ಉಳಿದದ್ದು ತೊಳೆದುಹೋಗುತ್ತದೆ. ಆಮೇಲೆ ಇಲಿಯ ಪ್ರತಿಕಾಯವನ್ನು ಹಿಡಿಯುವ ಇನ್ನೊಂದು ಪ್ರತಿಕಾಯ. ಅದರ ಬೆನ್ನಿಗೆ ಪೆರಾಕ್ಸಿಡೇಸ್ ಕಿಣ್ವ ಇರುತ್ತದೆ. ಕೊನೆಗೆ ಬಣ್ಣದ ದ್ರಾವಣ. ವೈರಸ್ಸಿಗೆ ಪ್ರತಿಕಾಯ ಅಂಟಿದ್ದರೆ ಕೋಶದ ಮೈ ಕೆಂಪುಕಂದಾಗುತ್ತದೆ, ಕೋಶಕೇಂದ್ರ ಮಾತ್ರ ಬಿಳಿಚಿಕೊಂಡು ನಡುವೆ ಉಳಿಯುತ್ತದೆ. ಅಂಟದಿದ್ದರೆ ಇಡೀ ಗುಳಿ ಬಣ್ಣಗೇಡು. ಅಣ್ಣ ಹೇಳಿದ ಐದರಲ್ಲಿ ನಾಲ್ಕು ಎಂದರೆ ಇದು: ಅವರ ವೈರಸ್ಸಿನ ಸಾಲಿನಲ್ಲಿ ನಾಲ್ಕು ಗುಳಿ ಕೆಂಪು, ಒಂದು ಖಾಲಿ.

ಪಕ್ಕದ ಊರಿನ ವೈರಸ್ಸಿನ ಸಾಲಿನಲ್ಲಿ ಐದೂ ಕೆಂಪಾಗಿದ್ದರೆ, ಎರಡೂ ಕಡೆ ಒಂದೇ ಮೂಲದಿಂದ ರೋಗ ಬಂದಿರಲಿಕ್ಕಿಲ್ಲ ಎಂಬ ಗುಮಾನಿ ಬರುತ್ತದೆ. ವೈರಸ್‌ಗಳ ವ್ಯತ್ಯಾಸವನ್ನು ಓದುವುದು ಹೀಗೆ. ಒಂದು ಖಾಲಿ ಗುಳಿಗೆ ಹೆಚ್ಚು ಬೆಲೆಯಿಲ್ಲ, ಕೆಂಪು ಮತ್ತು ಖಾಲಿಗಳ ಇಡೀ ಸಾಲಿಗೆ ಬೆಲೆ.

ಕಾಲುವೆ ಕೊನೆ, ಸಿರುಗುಪ್ಪ

ಅಕ್ಕಾ, ಈಗ ಸ್ವಲ್ಪ ಬೆಳಕಾಯಿತು. ಡಾಕ್ಟರೇ, ಮರಿಗಳಿಗೆ ಆಗ ಹಾಲು ಬಿಡಿಸಿರಲಿಲ್ಲ. ಶಿಬಿರಕ್ಕೆ ಬಂದವರು ದೊಡ್ಡವು, ಮರಿ ಎನ್ನದೆ ಸಾಲಾಗಿ ಚುಚ್ಚಿಕೊಂಡು ಹೋದರು. ಎಲ್ಲಕ್ಕೂ ಒಂದೇ ಸೂಜಿ.

ಹಳೆಯ ಸ್ಟೆತಸ್ಕೋಪ್, ಬಳ್ಳಾರಿ

ಅಲ್ಲಿಗೆ ನನ್ನ ಅರ್ಧ ಅನುಮಾನ ಬಗೆಹರಿಯಿತು. ತಾಯಿ ಹಂದಿಗೆ ಮೊದಲೇ ಲಸಿಕೆ ಆಗಿದ್ದರೆ ಗಿಣ್ಣುಹಾಲಿನ ಜೊತೆ ಅದರ ಪ್ರತಿಕಾಯಗಳು ಮರಿಗೆ ಹೋಗಿರುತ್ತವೆ. ನೀವು ಹಾಕಿದ ಲಸಿಕೆಯೂ ಜೀವಂತ ವೈರಸ್ಸೇ. ತಾಯಿಯ ಪ್ರತಿಕಾಯ ಅದನ್ನು ಮರಿಯ ಮೈಯಲ್ಲಿ ಬೆಳೆಯಗೊಡುವುದಿಲ್ಲ. ಲಸಿಕೆ ವ್ಯರ್ಥವಾಗುತ್ತದೆ, ಕೆಲವು ವಾರಗಳಲ್ಲಿ ತಾಯಿಯ ಪ್ರತಿಕಾಯವೂ ಕರಗುತ್ತದೆ, ಮರಿ ಬರಿಗೈಯಲ್ಲಿ ನಿಲ್ಲುತ್ತದೆ. ಲಸಿಕೆಯಾದ ತಾಯಿಯ ಮರಿಗಳಿಗೆ ಆರರಿಂದ ಎಂಟು ವಾರ ತುಂಬಿದ ಮೇಲೆ ಹಾಕಿ ಎಂದು ನಾವು ಬಡಿದುಕೊಳ್ಳುವುದು ಇದಕ್ಕೇ.

ಒಂದೇ ಸೂಜಿಯ ವಿಷಯ ಬೇರೆ. ಆ ಹೊತ್ತಿಗೆ ಯಾವುದಾದರೂ ಒಂದು ಹಂದಿಯ ಮೈಯಲ್ಲಿ ರೋಗ ಅಡಗಿದ್ದರೆ, ಸೂಜಿಯೇ ಅದನ್ನು ಸಾಲಿನುದ್ದಕ್ಕೂ ಹಂಚಿರುತ್ತದೆ. ಇನ್ನು ಲಸಿಕೆಯ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ, ಮಂಜುಗಡ್ಡೆ ಕರಗಿ ನೀರಾದ ಪೆಟ್ಟಿಗೆಯೊಳಗೆ ಅದು ಎಷ್ಟು ಹೊತ್ತು ಬದುಕೀತು ಎಂಬುದನ್ನು ನೀವೇ ಊಹಿಸಿ. ಇಷ್ಟೆಲ್ಲ ದಾರಿಗಳು ತೆರೆದಿರುವಾಗ ವೈರಸ್ ರೂಪ ಬದಲಿಸಿ ಬರುವ ಕಷ್ಟ ಪಡಬೇಕಾಗಿಲ್ಲ.

ಅಕ್ಷರಮಾಲೆ, ರಾಯಚೂರು

ಒಂದು ತಕರಾರು. ಇಲಿಗೆ ಚುಚ್ಚಿ, ಗುಲ್ಮ ತೆಗೆದು, ಪ್ರತಿಕಾಯ ಬೆಳೆಸಿ, ಅಂಟಿತೋ ಇಲ್ಲವೋ ಎಂದು ಕೆಂಪು ನೋಡುವುದು ನಮ್ಮ ಗುರುಗಳ ಕಾಲದ ವಿದ್ಯೆ. ಈಗ ವೈರಸ್ಸಿನ ಜೀನೋಮನ್ನೇ ಓದಬಹುದು. ಹಂದಿ ಜ್ವರದ ವೈರಸ್ಸಿನದು ಒಂದೇ ಎಳೆಯ ಆರ್‌ಎನ್‌ಎ, ಸುಮಾರು 12,300 ಅಕ್ಷರ. ಅದರಲ್ಲಿ ಇ2 ಎಂಬ ಹೊರಮೈ ಪ್ರೋಟೀನಿನ ಭಾಗವನ್ನು ಓದಿದರೂ ಯಾವ ಉಪಗುಂಪು, ಯಾವುದಕ್ಕೆ ಹತ್ತಿರದ ನೆಂಟ ಎಂದು ಗೊತ್ತಾಗುತ್ತದೆ. ಮಚ್ಚೆ ನೋಡುವುದೇಕೆ, ಜಾತಕವನ್ನೇ ಓದಿದರೆ ಆಗದೇ? ನೆದರ್ಲೆಂಡ್ಸ್‌ನಲ್ಲಿ 1997ರಲ್ಲಿ ಈ ರೋಗ ಹೊಕ್ಕು ಒಂದು ಕೋಟಿ ಆಸುಪಾಸು ಹಂದಿಗಳನ್ನು ಕೊಲ್ಲಬೇಕಾಯಿತು. ಆ ವೈರಸ್ 2.1 ಉಪಗುಂಪಿನದು ಎಂದು ತಿಳಿದದ್ದು ಜೀನ್ ಓದಿ, ಬಣ್ಣ ನೋಡಿ ಅಲ್ಲ.

ಪಿಪೆಟ್ಟು, ಗಂಗಾವತಿ

ಮೂಲ ಹುಡುಕುವ ವಿಷಯದಲ್ಲಿ ನಿಮ್ಮ ಮಾತು ಸರಿ, ಅಲ್ಲಿ ವಾದವಿಲ್ಲ. ಆದರೆ ಜೀನ್ ಓದಿದವರಿಗೆ ತಿಳಿಯುವುದು ಅಕ್ಷರ ಬದಲಾಗಿದೆ ಎಂದು. ಆ ಬದಲಾವಣೆ ಪ್ರತಿಕಾಯದ ಗಮನಕ್ಕೆ ಬರುತ್ತದೆಯೇ ಎಂಬುದು ಅಕ್ಷರದಲ್ಲಿ ಬರೆದಿರುವುದಿಲ್ಲ. ಎಷ್ಟೋ ಅಕ್ಷರಗಳು ಬದಲಾದರೂ ಅಮೈನೋ ಆಮ್ಲ ಬದಲಾಗುವುದಿಲ್ಲ. ಅಮೈನೋ ಆಮ್ಲ ಬದಲಾದರೂ ಅದು ಪ್ರೋಟೀನಿನ ಒಳಮಡಿಕೆಯಲ್ಲಿದ್ದರೆ ಪ್ರತಿಕಾಯಕ್ಕೆ ಸಂಬಂಧವೇ ಇಲ್ಲ. ಇನ್ನೊಮ್ಮೆ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ಪ್ರತಿಕಾಯದ ಹಿಡಿತ ಪೂರ್ತಿ ತಪ್ಪುತ್ತದೆ.

ಇದನ್ನು ಬೇಕೆಂದೇ ಮಾಡಿ ನೋಡುವ ಪ್ರಯೋಗವೂ ಇದೆ. ವೈರಸ್ಸನ್ನು ನಿಷ್ಕ್ರಿಯಗೊಳಿಸುವ ಒಂದು ಮೋನೋಕ್ಲೋನಲ್ ಪ್ರತಿಕಾಯವನ್ನು ಧಾರಾಳವಾಗಿ ಹಾಕಿ, ಅದರ ಸಮ್ಮುಖದಲ್ಲೇ ವೈರಸ್ ಬೆಳೆಸುತ್ತಾರೆ. ಬಹುಪಾಲು ವೈರಸ್ ಸೋಲುತ್ತದೆ. ಆದರೆ ಆರ್‌ಎನ್‌ಎ ನಕಲು ಮಾಡುವಾಗ ತಪ್ಪುಗಳಾಗುತ್ತಲೇ ಇರುವುದರಿಂದ, ಆ ಜಾಗ ಆಕಸ್ಮಿಕವಾಗಿ ಬದಲಾದ ಕೆಲವು ಕಣಗಳು ತಪ್ಪಿಸಿಕೊಂಡು ಬೆಳೆಯುತ್ತವೆ. ತಪ್ಪಿಸಿಕೊಂಡವನ ಜೀನ್ ಓದಿ, ಮೂಲದ ಜೊತೆ ಹೋಲಿಸಿದರೆ ಪ್ರತಿಕಾಯ ಎಲ್ಲಿ ಹಿಡಿಯುತ್ತಿತ್ತು ಎಂದು ಗೊತ್ತಾಗುತ್ತದೆ. ಇಲ್ಲಿ ನಿಮ್ಮ ಜಾತಕ, ನಮ್ಮ ಮಚ್ಚೆ ಎರಡೂ ಬೇಕು.

ಅಕ್ಷರಮಾಲೆ, ರಾಯಚೂರು

ಒಪ್ಪಿದೆ ಎಂದು ಹೇಳುವ ಮೊದಲು ಒಂದು ಪ್ರಶ್ನೆ. ಆ ಐದು ಪ್ರತಿಕಾಯಗಳನ್ನು ಆರಿಸಿದವರು ಯಾರು? ಮೊದಲೇ ಬದಲಾಗುವ ಜಾಗವನ್ನು ಹಿಡಿಯುವ ಪ್ರತಿಕಾಯವನ್ನು ಸಾಲಿನಲ್ಲಿ ಇಟ್ಟು, ಆಮೇಲೆ “ನೋಡಿ, ಬದಲಾಗಿದೆ” ಎಂದರೆ ಅದರಲ್ಲೇನು ಅಚ್ಚರಿ?

ಪಿಪೆಟ್ಟು, ಗಂಗಾವತಿ

ಅಚ್ಚರಿ ಇಲ್ಲ, ಬೇಕಾದದ್ದೇ ಅದು. ಸಾಲನ್ನು ಉದ್ದೇಶಪೂರ್ವಕವಾಗಿಯೇ ಹಾಗೆ ಕಟ್ಟುತ್ತಾರೆ.

ಈ ವೈರಸ್ಸಿನ ಹೊರಮೈಯಲ್ಲಿ ಎದ್ದು ಕಾಣುವ ಪ್ರೋಟೀನು ಇ2. ವೈರಸ್ಸನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳ ಮುಖ್ಯ ಗುರಿಯೂ ಅದೇ. ನೆದರ್ಲೆಂಡ್ಸ್‌ನ ವೆನ್ಸ್‌ವೋರ್ಟ್ 1989ರಲ್ಲಿ ಮೋನೋಕ್ಲೋನಲ್ ಪ್ರತಿಕಾಯಗಳನ್ನು ಒಂದರ ವಿರುದ್ಧ ಒಂದು ಬಿಟ್ಟು, ಯಾವುದು ಯಾವುದರ ಜಾಗ ಕಸಿಯುತ್ತದೆ ಎಂದು ನೋಡಿ, ಈ ಪ್ರೋಟೀನಿನ ಮೇಲೆ ಎ, ಬಿ, ಸಿ, ಡಿ ಎಂದು ನಾಲ್ಕು ಪ್ರದೇಶಗಳನ್ನು ಗುರುತಿಸಿದರು. ಎ ಪ್ರದೇಶದ ಬಹುಪಾಲು ಎಲ್ಲ ತಳಿಗಳಲ್ಲೂ ಒಂದೇ ಥರ. ಉಳಿದ ಪ್ರದೇಶಗಳು ತಳಿಯಿಂದ ತಳಿಗೆ ಬದಲಾಗುತ್ತವೆ. ರೋಗ ಇದೆಯೇ ಎಂದು ತಿಳಿಯಲು ಎ ಪ್ರದೇಶ ಹಿಡಿಯುವ ಪ್ರತಿಕಾಯ ಬೇಕು. ಯಾವ ವೈರಸ್ ಎಂದು ಬೇರ್ಪಡಿಸಲು ಬದಲಾಗುವ ಜಾಗ ಹಿಡಿಯುವವು ಬೇಕು. ಎರಡು ಪ್ರಶ್ನೆಗೆ ಎರಡು ಬಗೆಯ ಗುಮಾಸ್ತರು.

ಡಬ್ಲ್ಯುಎಚ್303 ಎಂಬ ಪ್ರತಿಕಾಯ ಇ2ಯಲ್ಲಿ ಬರೀ ಒಂಬತ್ತು ಅಮೈನೋ ಆಮ್ಲಗಳ ತುಣುಕೊಂದನ್ನು ಹಿಡಿಯುತ್ತದೆ. ಆ ಒಂಬತ್ತು ಹಂದಿ ಜ್ವರದ ತಳಿಗಳಲ್ಲಿ ಹೆಚ್ಚುಕಡಿಮೆ ಅಲುಗಾಡದೆ ಉಳಿದಿವೆ, ಆದರೆ ಅದರ ದಾಯಾದಿಯಾದ ದನದ ವೈರಸ್ಸಿನಲ್ಲಿ ಬೇರೆಯಾಗಿವೆ. ಇಂಥದ್ದು ಸಿಕ್ಕರೆ ಪ್ರಯೋಗಾಲಯಕ್ಕೆ ಹಬ್ಬ.

ಸಿಂಧನೂರು ತವುಡು, ಸಿಂಧನೂರು

ದನದ ದಾಯಾದಿ ಎಂದಿರಲ್ಲ ಮೇಡಂ, ಅದನ್ನು ಬಿಡಿಸಿ ಹೇಳಿ. ನಮ್ಮದು ಅಕ್ಕಿ ಗಿರಣಿಯ ತವುಡು, ನುಚ್ಚಿನ ವ್ಯಾಪಾರ. ಪಕ್ಕದಲ್ಲೇ ಹಂದಿ ಶೆಡ್ಡೂ ಇದೆ. ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಕುರಿ ಮಂದೆ ತಂಗಿಸುತ್ತೇವೆ, ಎಮ್ಮೆ ಆಕಳು ಅಲ್ಲೇ ಇರುತ್ತವೆ. ಹೋದ ವರ್ಷ ನಮ್ಮ ಹಂದಿಗಳ ರಕ್ತ ಪರೀಕ್ಷೆಯಲ್ಲಿ ಹಂದಿ ಜ್ವರದ ಪ್ರತಿಕಾಯ ಇದೆ ಎಂದರು. ಒಂದು ಹಂದಿಯೂ ಕೆಮ್ಮಿರಲಿಲ್ಲ, ಲಸಿಕೆಯೂ ಆಗಿರಲಿಲ್ಲ. ವ್ಯಾಪಾರಿಗಳು ಕೊಳ್ಳಲು ಹಿಂದೇಟು ಹಾಕಿದರು.

ಹಳೆಯ ಸ್ಟೆತಸ್ಕೋಪ್, ಬಳ್ಳಾರಿ

ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ, ಅದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರಿಸುತ್ತೇನೆ.

ಪೆಸ್ಟಿವೈರಸ್ ಕುಲದಲ್ಲಿ ಹಂದಿ ಜ್ವರದ ವೈರಸ್ಸಿನ ಜೊತೆ ದನಗಳ ಭೇದಿಯ ವೈರಸ್, ಕುರಿಗಳ ಬಾರ್ಡರ್ ರೋಗದ ವೈರಸ್ ಕೂಡ ಇವೆ. ಇವೆರಡೂ ಹಂದಿಗೂ ಹತ್ತಬಹುದು. ಹತ್ತಿದರೂ ಸಾಮಾನ್ಯವಾಗಿ ಹಂದಿ ತಲೆಕೆಡಿಸಿಕೊಳ್ಳುವುದಿಲ್ಲ, ಆದರೆ ಅದರ ರಕ್ತ ಪ್ರತಿಕಾಯ ತಯಾರಿಸಿ ಇಟ್ಟುಕೊಂಡಿರುತ್ತದೆ. ಈ ಮೂರೂ ವೈರಸ್‌ಗಳಲ್ಲಿ ಎನ್‌ಎಸ್3 ಎಂಬ ಪ್ರೋಟೀನು ಬಹಳ ಹೋಲುತ್ತದೆ. ಸಾಮಾನ್ಯ ಸೀರಂ (ರಕ್ತದ ತಿಳಿ ದ್ರವ) ಬಳಸುವ ಪರೀಕ್ಷೆಗೆ ಅವುಗಳ ನಡುವೆ ವ್ಯತ್ಯಾಸ ಕಾಣುವುದು ಕಷ್ಟ. ಕುರಿ, ದನ, ಹಂದಿ ಮೂರೂ ಒಂದೇ ಬಯಲಲ್ಲಿ ಇರುವ ನಮ್ಮ ಜಿಲ್ಲೆಗಳಲ್ಲಿ ಇದರ ಅನುಮಾನ ಯಾವಾಗಲೂ ಇರಬೇಕು.

ಮೋನೋಕ್ಲೋನಲ್ ಪ್ರತಿಕಾಯಗಳು ಪಶುವೈದ್ಯರಿಗೆ ಮೊದಲು ನಿಜವಾಗಿ ಕೈಹಿಡಿದದ್ದು ಇಲ್ಲಿಯೇ. ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಈ ತಂತ್ರ ಕಂಡುಹಿಡಿದರು, 1984ರಲ್ಲಿ ಅವರಿಗೆ ನೊಬೆಲ್ ಬಂತು. 1986ರ ಹೊತ್ತಿಗಾಗಲೇ ಹಂದಿ ಜ್ವರದ ತಪಾಸಣೆಗೆ ಇವು ಬಂದಿದ್ದವು. 1991ರಲ್ಲಿ ಯುರೋಪಿನ ಮೂರು ಪ್ರಯೋಗಾಲಯಗಳವರು ಸೇರಿ ಹಂದಿ ಜ್ವರವನ್ನು ಉಳಿದ ಪೆಸ್ಟಿವೈರಸ್‌ಗಳಿಂದ ಬೇರ್ಪಡಿಸುವ ಅಂತರರಾಷ್ಟ್ರೀಯ ಪ್ರತಿಕಾಯ ಸಾಲನ್ನೇ ಪ್ರಕಟಿಸಿದರು. ತವುಡಿನವರ ಪ್ರಕರಣದಲ್ಲಿ, ಇ2ಯ ಮೇಲೆ ಹಂದಿ ಜ್ವರಕ್ಕೆ ಮಾತ್ರ ಸಲ್ಲುವ ಮೋನೋಕ್ಲೋನಲ್ ಬಳಸುವ ತಡೆ ಎಲಿಸಾ ಮಾಡಿಸಿ ಎಂದು ಕೇಳಬೇಕಿತ್ತು. ಅನುಮಾನ ಉಳಿದರೆ ಆ ಮೂರು ವೈರಸ್‌ಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಹಂದಿಯ ಸೀರಂ ಯಾವುದನ್ನು ಹೆಚ್ಚು ನಿಷ್ಕ್ರಿಯಗೊಳಿಸುತ್ತದೆ ಎಂದು ನೋಡುವುದು ಕೊನೆಯ ತೀರ್ಮಾನ.

ಸಿಂಧನೂರು ತವುಡು, ಸಿಂಧನೂರು

ತಡೆ ಎಲಿಸಾ ಎಂದರೆ? ನಮ್ಮ ವರದಿಯಲ್ಲಿ ‘ತಡೆ ಪ್ರಮಾಣ ಶೇ. 36’ ಎಂದು ಒಂದು ಹಂದಿಗೆ ಬರೆದಿದ್ದರು. ಪಾಸೋ ನಪಾಸೋ ಯಾರೂ ಹೇಳಲಿಲ್ಲ.

ಪಿಪೆಟ್ಟು, ಗಂಗಾವತಿ

ತಟ್ಟೆಗೆ ವೈರಸ್ಸಿನ ಇ2 ಅಂಟಿಸಿರುತ್ತಾರೆ. ಮೊದಲು ನಿಮ್ಮ ಹಂದಿಯ ಸೀರಂ ಹಾಕುತ್ತಾರೆ. ಆಮೇಲೆ ಬಣ್ಣ ಬರಿಸುವ ಕಿಣ್ವ ಹೊತ್ತ ಮೋನೋಕ್ಲೋನಲ್ ಪ್ರತಿಕಾಯ. ಹಂದಿಯ ಪ್ರತಿಕಾಯಗಳು ಮೊದಲೇ ಬಂದು ಜಾಗ ಹಿಡಿದಿದ್ದರೆ ಮೋನೋಕ್ಲೋನಲ್‌ಗೆ ಕುಳಿತುಕೊಳ್ಳಲು ಎಡೆಯಿಲ್ಲ, ಬಣ್ಣ ಕಡಿಮೆ ಬರುತ್ತದೆ. ಇಲ್ಲಿ ಬಣ್ಣ ಬಾರದಿದ್ದರೆ ‘ಇದೆ’ ಎಂದು ಅರ್ಥ, ಹೊಸಬರು ತಲೆಕೆಳಗಾಗಿ ಓದುವುದು ಇಲ್ಲಿಯೇ. ಹೆಚ್ಚು ಬಳಕೆಯಲ್ಲಿರುವ ಒಂದು ಕಿಟ್‌ನಲ್ಲಿ ತಡೆ ಶೇ. 40 ಅಥವಾ ಮೇಲಿದ್ದರೆ ಪ್ರತಿಕಾಯ ಇದೆ, ಶೇ. 30 ಅಥವಾ ಕೆಳಗಿದ್ದರೆ ಇಲ್ಲ, ನಡುವೆ ಇದ್ದರೆ ಅನುಮಾನ. ಅದೇ ಕಿಟ್ ಆಗಿದ್ದರೆ ನಿಮ್ಮ 36 ಪಾಸೂ ಅಲ್ಲ, ನಪಾಸೂ ಅಲ್ಲ. ಎರಡು ವಾರ ಬಿಟ್ಟು ಅದೇ ಹಂದಿಯ ರಕ್ತವನ್ನು ಮತ್ತೆ ತೆಗೆಸಬೇಕಿತ್ತು.

ಇನ್ನೊಂದು ಮಾತು. ನಮ್ಮಲ್ಲಿ ಹಾಕುವ ಜೀವಂತ ಲಸಿಕೆಯಿಂದ ಹುಟ್ಟಿದ ಪ್ರತಿಕಾಯವೋ ರೋಗದಿಂದ ಹುಟ್ಟಿದ್ದೋ ಎಂದು ಈ ಪರೀಕ್ಷೆ ಹೇಳಲಾರದು. ಲಸಿಕೆಯಾದ ಹಿಂಡಿನಲ್ಲಿ ಪ್ರತಿಕಾಯ ಸಿಕ್ಕಿದರೆ ಗಾಬರಿಯಾಗಬೇಡಿ, ಸಿಗಬೇಕಾದದ್ದೇ. ಅಲ್ಲಿ ವೈರಸ್ಸನ್ನೇ ಹುಡುಕಬೇಕು. ಲಸಿಕೆ ತಳಿಗೆ ಅಂಟದೆ ಬಯಲಿನ ವೈರಸ್ಸಿಗೆ ಮಾತ್ರ ಅಂಟುವ ಮೋನೋಕ್ಲೋನಲ್‌ಗಳು ಇವೆ, ಸತ್ತ ಮರಿಯಲ್ಲಿ ಸಿಕ್ಕದ್ದು ಯಾವ ವೈರಸ್ ಎಂದು ಅವು ಹೇಳಬಲ್ಲವು.

ಕೋಟೆ ಕೆಳಗೆ, ಬಳ್ಳಾರಿ

ಇಷ್ಟೆಲ್ಲ ಇಲಿ, ಮೊಲ, ಹಂದಿ. ಒಂದು ಲಸಿಕೆಗೆ ಎಷ್ಟು ಮೊಲ ಕೊಲ್ಲುತ್ತಾರೆ ಎಂದು ಯಾರಾದರೂ ಬರೆಯುತ್ತೀರಾ?

ಹಳೆಯ ಸ್ಟೆತಸ್ಕೋಪ್, ಬಳ್ಳಾರಿ

ವ್ಯಂಗ್ಯ ಬಿಟ್ಟರೆ ಪ್ರಶ್ನೆ ಸರಿಯಾಗಿಯೇ ಇದೆ. ವೇಬ್ರಿಜ್ ಎಂಬ ವೈರಸ್ ತಳಿಯನ್ನು ಮೊಲದಲ್ಲಿ ಬೆಳೆಸಿ ಮಾಡುವ ಲಸಿಕೆ ನಮ್ಮ ದೇಶದಲ್ಲಿ 1964ರಿಂದ ಬಳಕೆಯಲ್ಲಿದೆ. ಒಂದು ಮೊಲದಿಂದ ಸಿಗುವುದು ಸುಮಾರು 50 ಡೋಸ್, ಬೇಡಿಕೆಗೆ ಸಾಲುವುದೇ ಇಲ್ಲ. ಅದಕ್ಕೆ ಬರೇಲಿಯ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಕೋಶಗಳಲ್ಲಿ ಬೆಳೆಸುವ ಲಸಿಕೆ ತಯಾರಿಸಿದರು, 2020ರಲ್ಲಿ ಇಲ್ಲಿಯದೇ ವೈರಸ್ ತಳಿಯಿಂದ ಮಾಡಿದ ಲಸಿಕೆಯೂ ಬಿಡುಗಡೆಯಾಯಿತು. ಅದಕ್ಕೆ ಮೊಲ ಬೇಕಿಲ್ಲ, ಬೆಲೆಯೂ ಅಗ್ಗ.

ಅಕ್ಷರಮಾಲೆ, ರಾಯಚೂರು

ಹಂದಿ ಜ್ವರದ ವೈರಸ್ ಆರ್‌ಎನ್‌ಎ ಗುಂಪಿನಲ್ಲಿ ಸಾಧು ಸ್ವಭಾವದ್ದು, ಬದಲಾವಣೆ ನಿಧಾನ. ಅದನ್ನೇ ಇಟ್ಟುಕೊಂಡು ಎಲ್ಲ ಹಂದಿ ವೈರಸ್‌ಗಳೂ ಹೀಗೇ ಎಂದು ಯಾರೂ ತಿಳಿಯಬಾರದು. ಪಿಆರ್‌ಆರ್‌ಎಸ್ ನೋಡಿ. ಗಬ್ಬದ ಹಂದಿಗೆ ಗರ್ಭಪಾತ, ಮರಿಗಳಿಗೆ ಉಸಿರಾಟದ ತೊಂದರೆ ತರುವ ರೋಗ. ಭಾರತದಲ್ಲಿ 2013ರಲ್ಲಿ ಮಿಜೋರಾಂನಲ್ಲಿ ಮೊದಲು ಕಂಡಿತು. ಯುರೋಪಿನ ಬಗೆ ಮತ್ತು ಅಮೆರಿಕದ ಬಗೆಯ ಜೀನೋಮ್ ಹೋಲಿಸಿದರೆ ನೂರಕ್ಕೆ ಅರವತ್ತರಷ್ಟು ಮಾತ್ರ ತಾಳೆಯಾಗುತ್ತದೆ. ಈಗ ಅವನ್ನು ಎರಡು ಪ್ರತ್ಯೇಕ ಪ್ರಭೇದವೆಂದೇ ಪರಿಗಣಿಸಿದ್ದಾರೆ. ಅಲ್ಲಿ ಲಸಿಕೆ ಬದಲಾವಣೆಗೆ ಸೋಲುವುದು ನಿಜವಾದ ತಲೆನೋವು.

ಪಿಪೆಟ್ಟು, ಗಂಗಾವತಿ

ಆ ಎರಡು ಬಗೆಗಳ ವ್ಯತ್ಯಾಸವನ್ನು 1993ರಲ್ಲಿ ತೋರಿಸಿದ್ದು ಮೋನೋಕ್ಲೋನಲ್ ಪ್ರತಿಕಾಯಗಳೇ, ನಿಮ್ಮ ಗುರುಗಳ ಕಾಲದ ವಿದ್ಯೆ. ಅವುಗಳಲ್ಲಿ ಎಸ್‌ಡಿಒಡಬ್ಲ್ಯು17 ಎಂಬುದು ಎರಡು ಬಗೆಗಳಿಗೂ ಅಂಟುತ್ತಿತ್ತು. ಹಾಗಾಗಿ ತಪಾಸಣೆಗೆ ಇಂದಿಗೂ ಅದು ಬಳಕೆಯಲ್ಲಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಬೇರೆ. 1984ರಲ್ಲಿ ಬೆಲ್ಜಿಯಂನಲ್ಲಿ ಹಂದಿಗಳ ರಕ್ತದಲ್ಲಿ ಟಿಜಿಇ ವೈರಸ್ಸಿನ ಪ್ರತಿಕಾಯ ಹೇರಳವಾಗಿ ಸಿಗತೊಡಗಿತು. ಟಿಜಿಇ ಎಂದರೆ ಎಳೆಮರಿಗಳನ್ನು ಭೇದಿಯಿಂದ ಕೊಲ್ಲುವ ಕೊರೋನಾವೈರಸ್. ಆದರೆ ಭೇದಿಯೇ ಇಲ್ಲ! ಹುಡುಕಿದಾಗ ಸಿಕ್ಕಿದ್ದು ಅದೇ ವೈರಸ್ಸಿನ ತುಂಡಾದ ರೂಪ. ಮೈಮೇಲಿನ ಮುಳ್ಳಿನಂಥ ಪ್ರೋಟೀನಿನ ತುದಿಯ ದೊಡ್ಡ ತುಣುಕು, ಜೀನಿನ ಲೆಕ್ಕದಲ್ಲಿ ಆರುನೂರಕ್ಕೂ ಹೆಚ್ಚು ಅಕ್ಷರ, ಕಳಚಿಹೋಗಿತ್ತು. ಕರುಳು ಬಿಟ್ಟು ಶ್ವಾಸಕೋಶದಲ್ಲಿ ನೆಲೆಸಿ, ಗಾಳಿಯಲ್ಲಿ ಹರಡುತ್ತಿತ್ತು. ಎರಡಕ್ಕೂ ಒಂದೇ ರೀತಿಯ ನಿಷ್ಕ್ರಿಯಗೊಳಿಸುವ ಪ್ರತಿಕಾಯ ಹುಟ್ಟುವುದರಿಂದ ಹಳೆಯ ಪರೀಕ್ಷೆಗಳು ದಿಕ್ಕುಗೆಟ್ಟವು. ಆಮೇಲೆ, ಕಳಚಿಹೋದ ಆ ತುಣುಕನ್ನೇ ಹಿಡಿಯುವ ಮೋನೋಕ್ಲೋನಲ್ ಇಟ್ಟುಕೊಂಡು ತಡೆ ಎಲಿಸಾ ಮಾಡಿದರು. ಟಿಜಿಇ ಬಂದ ಹಂದಿಯ ಸೀರಂ ತಡೆಯುತ್ತದೆ, ಈ ಹೊಸದು ಬಂದ ಹಂದಿಯದು ತಡೆಯುವುದಿಲ್ಲ. ಪ್ರತಿಕಾಯ ಅಂಟದಿರುವುದೇ ಇಲ್ಲಿ ಉತ್ತರ.

ಅಕ್ಷರಮಾಲೆ, ರಾಯಚೂರು

ಅದು ಚೆನ್ನಾಗಿದೆ, ಒಪ್ಪಿದೆ. ಆದರೆ ನಿಮ್ಮ ಹೈಬ್ರಿಡೋಮಾ, ಎಂದರೆ ಮೋನೋಕ್ಲೋನಲ್ ತಯಾರಿಸುವ ಬೆಸೆದ ಕೋಶಗಳನ್ನು, ಸಾಕುವ ಗೋಳು? ದ್ರವ ಸಾರಜನಕ ಖಾಲಿಯಾದರೆ ವರ್ಷಗಳ ಕೆಲಸ ಒಂದೇ ರಾತ್ರಿ ಹಾಳು. ಇನ್ನು ಮುಂದೆ ಪ್ರತಿಕಾಯದ ಜೀನನ್ನೂ ಓದಿ ಕಡತದಲ್ಲಿ ಇಟ್ಟುಕೊಳ್ಳಿ, ಬೇಕಾದಾಗ ಮತ್ತೆ ತಯಾರಿಸಬಹುದು. ಅಲ್ಲಿಗೂ ನಮ್ಮ ಅಕ್ಷರವೇ ಗತಿ.

ಪಿಪೆಟ್ಟು, ಗಂಗಾವತಿ

ಅದನ್ನು ಮಾಡುತ್ತಲೇ ಇದ್ದೇವೆ. ಗೋಳೇನೋ ನಿಜ. ಇಲಿಯ ಗುಲ್ಮದ ಕೋಶಗಳನ್ನು ಮೈಲೋಮಾ ಕ್ಯಾನ್ಸರ್ ಕೋಶಗಳ ಜೊತೆ ಬೆಸೆದು, ಎಚ್‌ಎಟಿ ದ್ರಾವಣದಲ್ಲಿ ಬೆಸೆಯದ ಮೈಲೋಮಾ ಸಾಯುವವರೆಗೆ ಕಾದು, ಉಳಿದ ಗುಳಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಗುಳಿಗೊಂದೇ ಕೋಶ ಬೀಳುವಷ್ಟು ತೆಳುಗೊಳಿಸಿ ಬೆಳೆಸಬೇಕು. ಮೊದಲ ಪರೀಕ್ಷೆಯಲ್ಲಿ ಚೆನ್ನಾಗಿ ಕಂಡ ಗುಳಿ ಮುಂದೆ ಪ್ರತಿಕಾಯ ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಶಿಲೀಂಧ್ರ ಹಿಡಿದರೆ ತಟ್ಟೆ ಎತ್ತಿ ಎಸೆಯುವುದೇ. ಇಷ್ಟು ದಾಟಿ ಬಂದದ್ದಕ್ಕೆ ನಾವು ಹೆಸರಿಟ್ಟು ಸಾಕುತ್ತೇವೆ, ನಗಬೇಡಿ.

ನಿರ್ವಾಹಕ

ಓಣಿಯ ಹಂದಿಗಳ ಬಗ್ಗೆ, ಅವನ್ನು ಸಾಕುವವರ ಜಾತಿಯ ಬಗ್ಗೆ ಬಂದ ಎರಡು ಬರಹಗಳನ್ನು ಅಳಿಸಲಾಗಿದೆ. ವಿಷಯದ ಮೇಲೆ ಬರೆಯಿರಿ.

ಕಾಲುವೆ ಕೊನೆ, ಸಿರುಗುಪ್ಪ

ಆ ಹುಡುಗನಿಗೆ ಮತ್ತೆ ಫೋನ್ ಮಾಡಿದ್ದೆ. ಅಂಟಿದ ನಾಲ್ಕರಲ್ಲಿ ಒಂದು ಎಲ್ಲ ಪೆಸ್ಟಿವೈರಸ್‌ಗಳಿಗೂ ಅಂಟುವಂಥದ್ದಂತೆ, ಮೂರು ಹಂದಿ ಜ್ವರಕ್ಕೆ ಮಾತ್ರ ಸಲ್ಲುವಂಥವು. ಅಂಟದೇ ಉಳಿದದ್ದು ಇ2ಯ ಬದಲಾಗುವ ಪ್ರದೇಶದ್ದು. “ಅದಕ್ಕೇ ಇದನ್ನು ಸಾಲಿನಲ್ಲಿ ಇಟ್ಟಿದ್ದೇವೆ ಅಣ್ಣಾ, ನೀವು ಗಾಬರಿಯಾಗುತ್ತೀರಿ ಎಂದು ಗೊತ್ತಿದ್ದರೆ ಹೇಳುತ್ತಲೇ ಇರಲಿಲ್ಲ” ಎಂದ. ಇ2 ಜೀನ್ ಓದಲು ಕಳುಹಿಸಿದ್ದಾನಂತೆ.

ಈಗ ನನ್ನ ಚಿಂತೆ ಬೇರೆ. ಒಂದು ತಾಯಿ ಹಂದಿ ಉಳಿದಿದೆ, ಗಬ್ಬದಲ್ಲಿದೆ. ರೋಗ ಬಂದಾಗ ಎರಡು ದಿನ ಮೇವು ಬಿಟ್ಟು ಮತ್ತೆ ಸುಧಾರಿಸಿಕೊಂಡಿತು. ಅದನ್ನು ಇಟ್ಟುಕೊಳ್ಳಲೇ?

ಹಳೆಯ ಸ್ಟೆತಸ್ಕೋಪ್, ಬಳ್ಳಾರಿ

ವೈರಸ್ಸಿನ ರೂಪಕ್ಕಿಂತ ನೀವು ಹೆದರಬೇಕಾದದ್ದು ಇದಕ್ಕೆ. ಗಬ್ಬದ ನಡುವಿನ ಅವಧಿಯಲ್ಲಿ, ಸರಿಸುಮಾರು 50ರಿಂದ 70ನೇ ದಿನದ ನಡುವೆ ಸೋಂಕು ತಗುಲಿದರೆ, ಹೊಟ್ಟೆಯಲ್ಲಿರುವ ಮರಿಗಳ ದೇಹ ಆ ವೈರಸ್ಸನ್ನು ತನ್ನದೇ ಎಂದು ಭಾವಿಸಿಬಿಡುತ್ತದೆ. ಹುಟ್ಟಿದ ಮರಿ ನೋಡಲು ಗಟ್ಟಿಮುಟ್ಟಾಗಿರಬಹುದು. ಅದರ ರಕ್ತದಲ್ಲಿ ಪ್ರತಿಕಾಯ ಇರುವುದಿಲ್ಲ, ಹಾಗಾಗಿ ತಡೆ ಎಲಿಸಾ ಮಾಡಿಸಿದರೆ ‘ಇಲ್ಲ’ ಎಂದೇ ವರದಿ. ಆದರೆ ತಿಂಗಳುಗಟ್ಟಲೆ ವೈರಸ್ ಸುರಿಸುತ್ತಾ ಉಳಿದ ಹಂದಿಗಳಿಗೆ ಹಂಚುತ್ತಿರುತ್ತದೆ, ಕೊನೆಗೆ ತಾನೂ ಸಾಯುತ್ತದೆ. ಆ ತಾಯಿಯನ್ನು ಬೇರೆ ಕಟ್ಟಿ, ಮಾರಬೇಡಿ. ಮರಿ ಹಾಕಿದ ಮೇಲೆ ಮರಿಗಳ ರಕ್ತದಲ್ಲಿ ಪ್ರತಿಕಾಯವನ್ನಲ್ಲ, ವೈರಸ್ಸನ್ನು ಹುಡುಕಿ ಎಂದು ಸ್ಪಷ್ಟವಾಗಿ ಬರೆಸಿ ಕಳುಹಿಸಿ. ಅದು ಸಿಕ್ಕರೆ ತಾಯಿ ಮರಿ ಎರಡನ್ನೂ ಉಳಿಸಿಕೊಳ್ಳುವ ಆಸೆ ಬಿಡಬೇಕು.

ಹೋಟೆಲಿನ ಮುಸುರೆ ತರುತ್ತಿದ್ದರೆ ಅದನ್ನು ಕದಡುತ್ತಾ 90 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸದೆ ಹಾಕಬೇಡಿ. ಹಂದಿ ಮಾಂಸದ ಚೂರಿನಲ್ಲಿ ಈ ವೈರಸ್ ಬಹಳ ಕಾಲ ಬದುಕುತ್ತದೆ.

ಸಿಂಧನೂರು ತವುಡು, ಸಿಂಧನೂರು

ಡಾಕ್ಟರೇ, ನಮ್ಮಲ್ಲಿ ಮುಂದೆ ಏನಾದರೂ ಸತ್ತರೆ ಯಾವ ಅಂಗ ಕಳುಹಿಸಬೇಕು? ಕಳೆದ ಸಲ ಪೂರ್ತಿ ಮರಿಯನ್ನೇ ಚೀಲದಲ್ಲಿ ಹಾಕಿ ಬಸ್ಸಿಗೆ ಏರಿಸಲು ಹೋಗಿ ನಿರ್ವಾಹಕನ ಹತ್ತಿರ ಬೈಸಿಕೊಂಡೆವು.

ಹಳೆಯ ಸ್ಟೆತಸ್ಕೋಪ್, ಬಳ್ಳಾರಿ

ಬೈದದ್ದು ಸರಿಯೇ. ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ನೀವೇ ಕೊಯ್ಯಬೇಡಿ. ತಾಲ್ಲೂಕು ಪಶು ಆಸ್ಪತ್ರೆಗೆ ಹೇಳಿದರೆ ಅವರು ಬಂದು ತೆಗೆದು ಕಳುಹಿಸುತ್ತಾರೆ. ಟಾನ್ಸಿಲ್ ಮೊದಲು, ಜೊತೆಗೆ ಗುಲ್ಮ, ಮೂತ್ರಪಿಂಡ, ದುಗ್ಧರಸ ಗ್ರಂಥಿ, ಸಣ್ಣ ಕರುಳಿನ ಕೊನೆಯ ತುಂಡು. ಒಂದೊಂದು ಬೇರೆ ಬೇರೆ ಚೀಲದಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ. ಫಾರ್ಮಾಲಿನ್‌ನಲ್ಲಿ ಅದ್ದಿದ ತುಂಡು ಕಳುಹಿಸಿದರೆ ಅದರಿಂದ ವೈರಸ್ ಬೆಳೆಸಲು ಆಗದು. ವೈರಸ್ ಬೆಳೆಯದಿದ್ದರೆ ಪಿಪೆಟ್ಟು ಮೇಡಂ ಅವರ ತಟ್ಟೆಯಲ್ಲಿ ಕೆಂಪೂ ಇಲ್ಲ, ಸಾಲೂ ಇಲ್ಲ. ಬದುಕಿರುವ, ಜ್ವರ ಇರುವ ಹಂದಿಗಳ ರಕ್ತವನ್ನೂ ತೆಗೆಸಿ, ಅದೇ ಹಂದಿಗಳದ್ದು ಎರಡು-ಮೂರು ವಾರದ ನಂತರ ಇನ್ನೊಮ್ಮೆ. ಕಿವಿಗೆ ಗುರುತು ಹಾಕಿರದಿದ್ದರೆ ಮೊದಲು ಅದನ್ನು ಮಾಡಿ, ಇಲ್ಲದಿದ್ದರೆ ಎರಡನೆಯ ಸಲ ಯಾವ ಹಂದಿ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಸಿಂಧನೂರು ತವುಡು, ಸಿಂಧನೂರು

ಆಯಿತು ಸರ್. ಕಿವಿಗೆ ಹಾಕುವ ಬಿಲ್ಲೆ ಸಿಂಧನೂರಿನಲ್ಲಿ ಸಿಗುತ್ತದೆಯೇ, ರಾಯಚೂರಿಗೇ ಹೋಗಬೇಕೇ?